ಬದುವಿನಿಂದ ಬದುವಿಗೆ

ಕ್ಯಾತನಹಳ್ಳಿಯ ಕಡೆ ಎರಡು ಗದ್ದೆಗಳ ನಡುವೆ ಎಷ್ಟು ದೂರ ಎಂದು ಯಾರನ್ನಾದರೂ ಕೇಳಿ ನೋಡಿ. ಈ ಗದ್ದೆಯ ಬದುವಿನಿಂದ ಆ ಗದ್ದೆಯ ಬದುವಿನವರೆಗೆ ಕಣ್ಣಳತೆ ಹಾಕಿ, ಒಂದು ಗಾಡಿ ಹೋಗುವಷ್ಟು, ಎರಡು ಗಾಡಿ ಹೋಗುವಷ್ಟು ಎಂದು ಹೇಳುತ್ತಾರೆ. ತನ್ನ ಕಬ್ಬಿನ ನಟ್ಟನಡುವೆ ಹೋಗಿ ನಿಂತು, ಅಲ್ಲಿಂದ ಪಕ್ಕದವನ ಕಬ್ಬಿನ ನಟ್ಟನಡುವಿಗೆ ಅಳೆಯುವ ಮನುಷ್ಯನನ್ನು ಆ ಸೀಮೆ ಕಂಡಿಲ್ಲ. ಅಂಥವನು ಸಿಕ್ಕಿದರೆ ಅವನಿಗೆ ತಲೆ ಕೆಟ್ಟಿದೆ ಎಂದೇ ಲೆಕ್ಕ. ಜಗಳ ಬರುವುದು ಬದುವಿನ ಮೇಲೆ, ಅಣ್ಣತಮ್ಮಂದಿರು ಮಾತು ಬಿಡುವುದು ಬದುವಿಗಾಗಿ. ಹೀಗಿರುವಾಗ ನಡುಮಧ್ಯ ಕಟ್ಟಿಕೊಂಡು ಯಾರಿಗೇನು ಆಗಬೇಕು?

ಬೋರಯ್ಯನ ಮಗಳು ಉಮ ಹುಟ್ಟಿ ಬೆಳೆದದ್ದು ಈ ಅಳತೆಯಲ್ಲೇ. ಎಸೆಸೆಲ್ಸಿಯವರೆಗೆ ಅದರಿಂದ ಅವಳಿಗೇನೂ ತೊಂದರೆಯಾಗಲಿಲ್ಲ. ಪಾಂಡವಪುರದ ಕಾಲೇಜಿಗೆ ಸೈನ್ಸ್ ಓದಲು ಬಂದಮೇಲೆ, ಎರಡು ವಸ್ತುಗಳು ಒಂದನ್ನೊಂದು ಎಷ್ಟು ಬಲದಿಂದ ಸೆಳೆಯುತ್ತವೆ ಎಂದು ಲೆಕ್ಕ ಹಾಕುವ ಪಾಠದಲ್ಲಿ ಅದು ಕಾಲಿಗೆ ತೊಡರಿಕೊಂಡಿತು. ಎರಡರ ದ್ರವ್ಯರಾಶಿಯನ್ನು ಗುಣಿಸಬೇಕು, ಜಿ ಎಂಬ ಕಡುಪುಟ್ಟ ಅಂಕಿಯಿಂದ ಅದನ್ನು ಮತ್ತೆ ಗುಣಿಸಬೇಕು, ನಡುವಿನ ದೂರದ ವರ್ಗದಿಂದ ಭಾಗಿಸಬೇಕು. ದೂರವೆಂದರೆ ಒಂದು ಗುಂಡಿನ ಸೆಂಟರಿನಿಂದ ಇನ್ನೊಂದು ಗುಂಡಿನ ಸೆಂಟರಿಗೆ. ಗುಣಾಕಾರ ಭಾಗಾಕಾರದಲ್ಲಿ ಉಮ ಕ್ಲಾಸಿಗೇ ಜೋರು. ಆದರೆ ದೂರ ಎಂದ ಕೂಡಲೇ ಅವಳ ಪೆನ್ಸಿಲು ತಂತಾನೇ ಗುಂಡಿನ ಅಂಚಿಗೆ ಹೋಗಿ ನಿಲ್ಲುತ್ತಿತ್ತು. ಈ ಅಂಚಿನಿಂದ ಆ ಅಂಚಿಗೆ. ಎಷ್ಟು ಸಲ ತಿದ್ದಿದರೂ ಅಷ್ಟೆ. ತೊಂಬತ್ತೈದರ ಏಪ್ರಿಲ್ ಪರೀಕ್ಷೆಯಲ್ಲಿ ಉಳಿದೆಲ್ಲ ಪಾಸಾಗಿ ಫಿಸಿಕ್ಸು ಒಂದು ಮಾತ್ರ ಕೂದಲೆಳೆಯಲ್ಲಿ ಕೈಕೊಟ್ಟಿತು.

ಫಿಸಿಕ್ಸಿನ ಮೇಷ್ಟ್ರು ಬೇರೆ ಯಾರೂ ಅಲ್ಲ, ಅವಳ ಸೋದರಮಾವ ಕನಕರಾಜು. ಅವಳ ತಾಯಿ ಗೌರಮ್ಮನ ಒಡಹುಟ್ಟಿದ ತಮ್ಮ. ಊರು ಪಾಲಹಳ್ಳಿ, ಕೆಲಸ ಪಾಂಡವಪುರದಲ್ಲಿ, ಅಲ್ಲೇ ಒಂದು ಬಾಡಿಗೆ ರೂಮು. ಉಮ ಹುಟ್ಟಿದಾಗ ಇವನಿನ್ನೂ ಚಡ್ಡಿ ಹಾಕುವ ಹುಡುಗ. ಹೆಸರಿಡುವ ದಿನ ಅವನಪ್ಪ ದೊಡ್ಡಬೀರಯ್ಯ ಕೂಸನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿ, "ತಗಳ್ಲಾ, ನಿನ್ನೆಂಡ್ತಿ" ಎಂದಿದ್ದ. ಬಂದ ನೆಂಟರೆಲ್ಲ ನಕ್ಕರು. ಕೂಸು ಅವನ ಹೊಸ ಚಡ್ಡಿಯನ್ನು ಒದ್ದೆ ಮಾಡಿತು. ಅದಕ್ಕೂ ನಕ್ಕರು. ಆಮೇಲೆ ವರ್ಷ ವರ್ಷಕ್ಕೆ ಆ ನಗು ಇಳಿದು ಮಾತಷ್ಟೇ ಉಳಿಯಿತು. ಅಕ್ಕನ ಮಗಳು ತಮ್ಮನಿಗೆ, ಇದರಲ್ಲಿ ಕೇಳುವುದೇನಿದೆ?

ಕೇಳಿದ್ದರೆ ಕನಕರಾಜು ಒಲ್ಲೆ ಎನ್ನುತ್ತಿದ್ದ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲೆ ದಾಟಿಸಿದವನು, ಮೂಗು ಒರೆಸಿದವನು, ಮಗ್ಗಿ ಬಾಯಿಪಾಠ ಮಾಡಿಸಿದವನು ಅವನು. ಆ ಹುಡುಗಿಯ ಪಕ್ಕ ಹಸೆಮಣೆಯ ಮೇಲೆ ಕೂರುವುದನ್ನು ನೆನೆದರೆ ಅವನ ಮೈಯೆಲ್ಲ ಹಿಡಿಯಾಗುತ್ತಿತ್ತು. ಆದರೆ ಯಾರೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಕ್ಲಾಸಿನಲ್ಲಿ ತುಂಬಿದ ಬೆಂಚುಗಳ ಮುಂದೆ ಗುಡುಗುವ ಮನುಷ್ಯ ಅಪ್ಪನ ಮುಂದೆ ಟವೆಲ್ಲಿನ ಅಂಚು ಸುತ್ತುತ್ತಾ ನಿಲ್ಲುತ್ತಿದ್ದ. ಇಂಥವರು ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ. ಅವರನ್ನು ಒಳ್ಳೆಯವರು ಎಂದು ಕರೆದು ಸುಮ್ಮನಾಗುತ್ತೇವೆ.

ಉಮ ಫೇಲಾದ ಸುದ್ದಿ ಕೇಳಿ ದೊಡ್ಡಬೀರಯ್ಯ ಪಾಲಹಳ್ಳಿಯಿಂದ ಬಂದ. ಅಳಿಯ ಬೋರಯ್ಯನ ಜಗಲಿಯ ಮೇಲೆ ಕಾಲು ಚಾಚಿ ಕೂತು, ಎಲೆಯಡಿಕೆ ಹಾಕಿಕೊಂಡು, ನ್ಯಾಯ ತೀರಿಸಿದ.

"ಅಕ್ಟೋಬರ್‌ನಾಗೆ ಇನ್ನೊಂದ್ಸಲ ಕಟ್ಲಿ. ಪಾಸಾಯ್ತಾ, ಮೈಸೂರ್ಗೆ ವೋಗಿ ಬಿಎಸ್ಸಿ ಓದ್ಲಿ. ಅದು ಮುಗಿಯಗಂಟ ನಾನು ಮದ್ವೆ ಮಾತೆತ್ತಾಕಿಲ್ಲ. ಫೇಲಾಯ್ತಾ, ಸಂಕ್ರಾಂತಿ ಕಳೀತಲೇ ತಾಳಿ. ಇದು ನನ್ ಮಾತು. ಏನ್ ಮಗ?"

"ಆಯ್ತು ತಾತ" ಎಂದಳು ಉಮ, ಯಾರೂ ಉಸಿರು ಬಿಡುವ ಮೊದಲೇ. ಹಾಗೆಂದು ಕನಕರಾಜುವಿನ ಕಡೆ ತಿರುಗಿ ನೋಡಿದಳು. ಕ್ಲಾಸಿನಲ್ಲಿ ಸುಲಭದ ಲೆಕ್ಕ ಸಿಕ್ಕಾಗ ಹುಡುಗರ ಮುಖ ಹೇಗಿರುತ್ತದೋ ಹಾಗಿತ್ತು ಅವಳ ಮುಖ.

ಕನಕರಾಜುವಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೈಸೂರಿಗೆ ಹೋದರೆ ಅವಳು ಡಿಗ್ರಿ ಮಾಡುತ್ತಾಳೆ, ನಾಲ್ಕು ಜನರನ್ನು ಕಾಣುತ್ತಾಳೆ, ಬಾಯಿ ಬಲಿಯುತ್ತದೆ. ತಾನು ಹೇಳಲಾಗದ್ದನ್ನು ಆಗ ಅವಳೇ ತಾತನ ಮುಂದೆ ನಿಂತು ಹೇಳಿಯಾಳು. ಹೆಣ್ಣುಮಗುವಿನ ಬೆನ್ನ ಹಿಂದೆ ಅಡಗಿಕೊಳ್ಳುವ ಈ ಯೋಚನೆಗೆ ಅವನಿಗೆ ನಾಚಿಕೆಯಾಯಿತು. ಆದರೂ ಬೇರೆ ದಾರಿ ಹೊಳೆಯಲಿಲ್ಲ. ಅವಳನ್ನು ಪಾಸು ಮಾಡಿಸಬೇಕು, ಅಷ್ಟೇ.

ಅಂದಿನಿಂದ ಭಾನುವಾರ ಬಂದರೆ ಅವನ ಸೈಕಲ್ಲು ಕ್ಯಾತನಹಳ್ಳಿಯಲ್ಲಿ. ಪಾಠಕ್ಕೆ ಕೂತಾಗ ಉಮ ಅವನನ್ನು ಮಾವ ಎನ್ನುತ್ತಿರಲಿಲ್ಲ, ಕಾಲೇಜಿನಲ್ಲಿ ಕರೆಯುವ ಹಾಗೆ ಸಾರ್ ಎನ್ನುತ್ತಿದ್ದಳು. ಅವನಿಗೆ ಅದೇ ಹಿತವಾಗಿತ್ತು. ಸಾರ್ ಎಂಬ ಮಾತಿನಲ್ಲಿ ತಾಳಿಯ ಸುಳಿವಿರಲಿಲ್ಲ.

"ದೂರ ಯಾವತ್ತೂ ಸೆಂಟರ್‌ನಿಂದ ಸೆಂಟರ್‌ಗೆ. ಎಷ್ಟು ಸಲ ಹೇಳಿದೀನಿ?"

"ಬಾಯಿಗೆ ಗೊತ್ತು ಸಾರ್, ಕೈಗೆ ಗೊತ್ತಾಗಲ್ಲ. ನಮ್ ಗದ್ದೆಗೂ ಯಶೋದಮ್ಮನ ಗದ್ದೆಗೂ ಎಷ್ಟು ದೂರ ಅಂದ್ರೆ ಯಾರಾದ್ರೂ ಕಬ್ಬಿನ್ ನಡುವಿಂದ ಅಳೀತಾರಾ?"

ಅವನಿಗೂ ನಗು ಬಂತು. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದ ಎರಡು ಮುದ್ದೆಗಳನ್ನು ಸ್ವಲ್ಪ ಸರಿಸಿ, ಪೊರಕೆಯಿಂದ ಎರಡು ಕಡ್ಡಿ ಮುರಿದು ತರಿಸಿ, ಒಂದೊಂದು ಮುದ್ದೆಯ ನೆತ್ತಿಗೆ ಒಂದೊಂದು ಕಡ್ಡಿ ಚುಚ್ಚಿದ. ಗೌರಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಏನ್ಲಾ ಇದು ಕನಕ, ಉಣ್ಣೋ ಮುದ್ದೇಗೆ ಪೊರಕೆ ಕಡ್ಡಿ! ಮೇಷ್ಟ್ರಾಗಿ ಬುದ್ಧಿ ಎಲ್ಲಿಕ್ಕಿದ್ದೀಯ?"

"ಸುಮ್ನಿರಕ್ಕ. ನೋಡು ಉಮ, ದೂರ ಅಂದ್ರೆ ಈ ಕಡ್ಡಿಯಿಂದ ಆ ಕಡ್ಡಿಗೆ. ಮುದ್ದೆ ಅಂಚನ್ನ ಮರೆತುಬಿಡು."

ಉಮ ಒಂದು ಮುದ್ದೆಯನ್ನು ಬೆರಳಿನಿಂದ ನೂಕಿ ಇನ್ನೊಂದಕ್ಕೆ ತಾಗಿಸಿದಳು. "ಇವಾಗ ಮಧ್ಯ ಜಾಗ್ವೇ ಇಲ್ಲ. ನಮ್ಮೂರ್ ಲೆಕ್ಕದಲ್ಲಿ ದೂರ ಸೊನ್ನೆ. ಸೊನ್ನೇಲಿ ಭಾಗಿಸಿದ್ರೆ ಬಲಕ್ಕೆ ಕೊನೆಯೇ ಇಲ್ಲ. ಎರಡನ್ನೂ ಬಿಡ್ಸಾಕೇ ಆಗ್ಬಾರ್ದು."

"ಅದಕ್ಕೇ ನಿಮ್ಮೂರ ಲೆಕ್ಕ ತಪ್ಪು. ತಾಗಿದ್ರೂ ಕಡ್ಡಿಗಳು ದೂರವೇ ಇವೆ ನೋಡು."

ಅವಳು ಕಡ್ಡಿಯಿಂದ ಕಡ್ಡಿಗೆ ಗೇಣು ಹಾಕಿ ನೋಡಿದಳು. ಆಮೇಲೆ "ಗೊತ್ತಾಯ್ತು" ಎಂದಳು. ಆ ಮುದ್ದೆಗಳನ್ನು ಗೌರಮ್ಮ ಎಮ್ಮೆಗೆ ಹಾಕಿದಳು.

ಅಲ್ಲಿಂದ ಮುಂದೆ ಉಮ ಲೆಕ್ಕವನ್ನು ಸರಿಯಾಗಿಯೇ ಮಾಡತೊಡಗಿದಳು. ಪ್ರಶ್ನೆಯಲ್ಲಿ ಅಂಚುಗಳ ನಡುವಿನ ಜಾಗ ಕೊಟ್ಟಿದ್ದರೆ ಎರಡೂ ಗುಂಡಿನ ತ್ರಿಜ್ಯ ಕೂಡಿಸುವಳು, ಸೆಂಟರಿನ ದೂರವನ್ನೇ ಕೊಟ್ಟಿದ್ದರೆ ಹಾಗೇ ಹಾಕುವಳು. ಆದರೆ ಚಿತ್ರದ ಚಾಳಿ ಮಾತ್ರ ಪೂರ್ತಿ ಹೋಗಲಿಲ್ಲ. ಆತುರದಲ್ಲಿದ್ದರೆ ಬಾಣದ ಗೆರೆಯನ್ನು ಅಂಚಿನಿಂದ ಅಂಚಿಗೇ ಎಳೆದುಬಿಡುತ್ತಿದ್ದಳು. ಲೆಕ್ಕ ಸರಿಯಿದೆಯಲ್ಲ, ಚಿತ್ರ ಹೇಗಾದರೂ ಇರಲಿ ಎಂದು ಕನಕರಾಜು ಬಿಟ್ಟ. ಅಲ್ಲಿ ಅವನು ಬಿಡಬಾರದಿತ್ತು.

ಅಕ್ಟೋಬರ್ ಬಂತು. ಫಿಸಿಕ್ಸ್ ಪರೀಕ್ಷೆಯ ದಿನ ಫಿಸಿಕ್ಸಿನ ಮೇಷ್ಟ್ರು ಹಾಲಿನ ಕಡೆ ಸುಳಿಯುವಂತಿಲ್ಲ ಎಂಬುದು ನಿಯಮ. ಕನಕರಾಜು ನಿಯಮದ ಮನುಷ್ಯ. ಚೀಟಿ ಇಟ್ಟುಕೊಂಡ ಹುಡುಗರನ್ನು ಕತ್ತು ಹಿಡಿದು ಹೊರಗೆ ಹಾಕಿ, ಅವರ ಅಪ್ಪಂದಿರಿಂದ ಬಸ್‌ಸ್ಟಾಂಡಿನಲ್ಲಿ ಬೈಸಿಕೊಂಡವನು. ಆದ್ದರಿಂದ ಅಂದು ಸ್ಟಾಫ್‌ರೂಮಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಅರ್ಧ ಪರೀಕ್ಷೆ ಕಳೆದಿರಬೇಕು, ಪ್ರಿನ್ಸಿಪಾಲ್ ನರಸಯ್ಯನವರು ಏದುಸಿರು ಬಿಡುತ್ತಾ ಬಂದರು.

"ಕನಕರಾಜು, ಎರಡನೇ ಹಾಲ್‌ನಲ್ಲಿದ್ದವ್ರಿಗೆ ತಲೆ ಸುತ್ತು ಬಂದು ಮಲಗಿಬಿಟ್ಟಿದಾರೆ. ಬೇರೆ ಯಾರೂ ಇಲ್ಲ. ಇನ್ನೊಬ್ರು ಬರೋವರೆಗೆ ಬಾಗಿಲಲ್ಲಿ ನಿಂತಿರಿ. ಪ್ರಶ್ನೆಪತ್ರಿಕೆ ಮಾತ್ರ ಮುಟ್ಟಬೇಡಿ, ಯಾರಾದ್ರೂ ನೋಡಿದ್ರೆ ನನ್ನ ಕುತ್ತಿಗೆಗೆ ಬರುತ್ತೆ."

ಅವನು ಹೋಗಿ ಬಾಗಿಲಲ್ಲಿ ನಿಂತ. ಇವನನ್ನು ಕಂಡು ಹಾಲಿನ ತುಂಬ ನಿಟ್ಟುಸಿರು ಎದ್ದಿತು. ಉಮ ಕಿಟಕಿಯ ಪಕ್ಕದ ಬೆಂಚಿನಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದಳು. ಜಡೆ ಮುಂದೆ ಬಿದ್ದಿತ್ತು, ನಾಲಗೆಯ ತುದಿ ತುಟಿಯಿಂದ ಆಚೆ ಇಣುಕುತ್ತಿತ್ತು. ಮಗ್ಗಿ ಬರೆಯುವಾಗಲೂ ಅವಳು ಹೀಗೆಯೇ ನಾಲಗೆ ಕಚ್ಚುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದರೆ ಸಾಕಿತ್ತು. ಆದರೆ ಹಿಂದಿನ ಸಾಲಿನಲ್ಲಿ ಏನೋ ಪಿಸಪಿಸ ಕೇಳಿ ಅತ್ತ ಹೋದ, ಬರುವಾಗ ಕಾಲು ಕಿಟಕಿಯ ಬದಿಯ ಸಾಲು ಹಿಡಿಯಿತು.

ಅವಳ ಹಾಳೆಯಲ್ಲಿ ಎರಡು ದುಂಡು ಗುಂಡುಗಳಿದ್ದವು. ನಡುವೆ ಬಾಣದ ಗೆರೆ, ಈ ಅಂಚಿನಿಂದ ಆ ಅಂಚಿಗೆ. ಗೆರೆಯ ಮೇಲೆ ಐವತ್ತು ಸೆಂಟಿಮೀಟರ್. ಕೆಳಗೆ ಲೆಕ್ಕದಲ್ಲೂ ಅದೇ ಐವತ್ತು, ತ್ರಿಜ್ಯ ಕೂಡಿಸಿದ ಗುರುತೇ ಇಲ್ಲ.

ಕನಕರಾಜು ಅಲ್ಲೇ ನಿಂತುಬಿಟ್ಟ. ಅಷ್ಟು ತಿಂಗಳ ಪಾಠ, ಆ ಮುದ್ದೆ, ಆ ಕಡ್ಡಿ, ಎಲ್ಲ ನೀರಿನಲ್ಲಿ ಹೋಮ. ಮತ್ತೆ ಬದುವಿನಿಂದ ಬದುವಿಗೇ ಅಳೆದು ಕೂತಿದ್ದಾಳೆ ಈ ಹುಡುಗಿ! ಇದು ದೊಡ್ಡ ಅಂಕದ ಪ್ರಶ್ನೆ. ಇದು ಹೋದರೆ ಪಾಸಾಗುವುದು ಕಷ್ಟ, ಪಾಸಾಗದಿದ್ದರೆ ಸಂಕ್ರಾಂತಿ. ಅವನು ಒಂದು ಹೆಜ್ಜೆ ಮುಂದೆ ಹೋದ. ಮತ್ತೆ ಹಿಂದೆ ಬಂದ. ಹತ್ತಾರು ಮಕ್ಕಳನ್ನು ಕಾಪಿ ಹೊಡೆದದ್ದಕ್ಕೆ ಅಳಿಸಿದ ಮೇಷ್ಟ್ರು ಅವನೊಳಗೆ ಬೇಡ ಎನ್ನುತ್ತಿದ್ದ. ಆ ಮೇಷ್ಟ್ರ ಮಾತನ್ನು ಆ ಒಂದು ದಿನವಾದರೂ ಅವನು ಕೇಳಿದ್ದರೆ!

ಹಾಲ್‌ಟಿಕೆಟ್ ನೋಡುವವನ ಹಾಗೆ ಬಗ್ಗಿ, ಮಾತಾಡದೆ, ತೋರುಬೆರಳನ್ನು ಮೊದಲ ಗುಂಡಿನ ಸೆಂಟರಿನ ಮೇಲೆ ಇಟ್ಟ. ಆಮೇಲೆ ಎರಡನೆಯದರ ಸೆಂಟರಿನ ಮೇಲೆ. ಉಮ ತಲೆಯೆತ್ತಿ ನೋಡಿದಳು. ಮೊದಲು ಗಾಬರಿಯಾಯಿತು, ಆಮೇಲೆ ಹುಬ್ಬು ಗಂಟಿಕ್ಕಿ ಹಾಳೆ ನೋಡಿದಳು, ಆಮೇಲೆ ಅವಳ ಮುಖ ಅರಳಿತು. ಬರೆದದ್ದರ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಹೊಸದಾಗಿ ಬರೆಯಲು ತೊಡಗಿದಳು. ಪಕ್ಕದ ಸಾಲಿನಲ್ಲಿದ್ದ ಅವಳ ಗೆಳತಿ ರಂಜಿತ ಎಲ್ಲವನ್ನೂ ನೋಡಿದಳು. ಕನಕರಾಜು ಬಾಗಿಲಿಗೆ ಬಂದು ನಿಂತು ಬೆವರು ಒರೆಸಿಕೊಂಡ. ತಪ್ಪು ಮಾಡಿದೆ, ಆದರೆ ಹುಡುಗಿ ಬಚಾವಾದಳು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಪರೀಕ್ಷೆ ಮುಗಿದ ಮೇಲೆ ಗೇಟಿನ ಆಚೆ ಹೊಂಗೆಮರದ ಕೆಳಗೆ ಉಮ ಅವನಿಗಾಗಿ ಕಾಯುತ್ತಿದ್ದಳು. ಕುಣಿಯುವುದೊಂದು ಬಾಕಿ.

"ಸಾರ್, ನಿಮ್ಮಿಂದ ಬಚಾವಾದೆ. ಗುಂಡಿನ್ ಲೆಕ್ಕ ತಪ್ಪು ಮಾಡ್ಬುಟ್ಟಿದ್ದೆ, ನೀವು ಬೆರಳಿಟ್ಟ ಮೇಲೇ ಒಳೆದಿದ್ದು."

"ಏನಂತ ಕೊಟ್ಟಿದ್ರು ಪ್ರಶ್ನೇಲಿ?"

"ಇಪ್ಪತ್ತು ಕೆಜಿದು ಎರಡು ಸೀಸದ ಗುಂಡು. ತ್ರಿಜ್ಯ ಏಳೂವರೆ ಸೆಂಟಿಮೀಟರ್. ಸೆಂಟರ್‌ಗೂ ಸೆಂಟರ್‌ಗೂ ಐವತ್ತು. ಅದ್ಕೇ ನಾನು ಐವತ್ತೇ ಆಕಿದ್ದೆ. ನೀವು ಬೆರಳಿಟ್ರಲ್ಲ, ಅಯ್ಯೋ ತ್ರಿಜ್ಯ ಕೂಡ್ಸೋದೇ ಮರ್ತೆ ಅನ್ಕೊಂಡು ಎರಡೂ ಕಡೇದು ಕೂಡ್ಸಿ ಅರವತ್ತೈದು ಅಂತ ಬರ್ದೆ. ಸರಿ ತಾನೆ ಸಾರ್?"

ಸೆಂಟರಿನಿಂದ ಸೆಂಟರಿಗೆ ಐವತ್ತು. ಪ್ರಶ್ನೆಯಲ್ಲೇ ಕೊಟ್ಟಿದ್ದರು. ಅವಳು ಸರಿಯಾಗಿಯೇ ಓದಿದ್ದಳು, ಸರಿಯಾಗಿಯೇ ಹಾಕಿದ್ದಳು. ಹಳೆಯ ಚಾಳಿಯಲ್ಲಿದ್ದದ್ದು ಚಿತ್ರದ ಗೆರೆ ಒಂದೇ. ಅದನ್ನು ನೋಡಿ ಅವಳು ಬದುವಿನಿಂದ ಅಳೆದಿದ್ದಾಳೆಂದು ತೀರ್ಮಾನ ಮಾಡಿದ್ದು ಅವನು. ಪ್ರಶ್ನೆ ಓದದೆ ಉತ್ತರ ತಿದ್ದಿದ್ದ. ಕ್ಲಾಸಿನಲ್ಲಿ ಯಾವ ಹುಡುಗನಾದರೂ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದ.

"ಸರಿ ತಾನೆ?" ಎಂದಳು ಅವಳು ಮತ್ತೆ.

ಹೇಳಬೇಕಿತ್ತು. ಬಾಯಿ ತೆರೆದ. ಅವಳ ಖುಷಿಯ ಮುಖದ ಮುಂದೆ ನಾಲಗೆ ಏಳಲಿಲ್ಲ. "ಹೂಂ, ಸರಿ ಇದೆ" ಎಂದ. ಬಸ್ಸು ಬಂತು. ಅವಳು ಹತ್ತಿ ಕಿಟಕಿಯಿಂದ ಕೈ ಬೀಸಿದಳು.

ಆಮೇಲಿನ ದಿನಗಳಲ್ಲಿ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಪ್ರಿನ್ಸಿಪಾಲರ ಬಾಗಿಲಿಗೆ ಹೋಗುವನು, ತಿರುಗಿ ಬರುವನು. ಹಾಲಿನಲ್ಲಿ ಬೆರಳಿಟ್ಟೆ ಎಂದು ಬಾಯಿ ಬಿಟ್ಟರೆ ಅವನ ಕೆಲಸ ಹೋಗುವುದಿರಲಿ, ಮೇಷ್ಟ್ರು ಹೇಳಿಕೊಟ್ಟು ಬರೆದವಳೆಂದು ಉಮಳ ಪೇಪರನ್ನೇ ತಳ್ಳಿಹಾಕುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಉಳಿದ ಉತ್ತರಗಳ ಬಲದ ಮೇಲೆ ಪಾಸಾದರೂ ಆದಾಳು. ಕ್ಲಾಸಿನಲ್ಲಿ ಅದೇ ಪಾಠ ಬಂದಾಗ, ಒಂದೇ ಬೆಂಚಿನಲ್ಲಿ ಕೂತ ಇಬ್ಬರೂ ಒಬ್ಬರನ್ನೊಬ್ಬರು ಸೆಳೆಯುತ್ತಲೇ ಇರುತ್ತಾರೆ, ಆದರೆ ಆ ಸೆಳೆತ ಇರುವೆಯ ಭಾರದ ಹತ್ತರಲ್ಲೊಂದು ಪಾಲೂ ಇಲ್ಲ ಎಂದು ಅವನು ಪ್ರತಿವರ್ಷ ಹೇಳಿ ನಗಿಸುತ್ತಿದ್ದ. ಈ ಸಲ ಹೇಳುತ್ತಿದ್ದಾಗ ಅರ್ಧಕ್ಕೆ ನಿಂತ. ಬಲ ಇದೆ, ಎಳೆಯುತ್ತಲೂ ಇದೆ, ಏನನ್ನೂ ಕದಲಿಸುವ ಶಕ್ತಿ ಮಾತ್ರ ಇಲ್ಲ. ತನ್ನ ಕಥೆಯೂ ಅದೇ ಅನ್ನಿಸಿ ಬೋರ್ಡಿನ ಕಡೆ ತಿರುಗಿದ.

ಫಲಿತಾಂಶ ಬಂದಾಗ ಉಮಳಿಗೆ ಪಾಸಾಗಲು ಮೂರು ಅಂಕ ಸಾಲದಾಗಿತ್ತು. ರಂಜಿತ ಪಾಸಾಗಿದ್ದಳು.

ರಂಜಿತ ಕೆಟ್ಟ ಹುಡುಗಿಯಲ್ಲ. ಪಾಸಾದ ಖುಷಿಯಲ್ಲಿ, ಪಾಸಾಗದ ಗೆಳತಿಯ ಮೇಲಿನ ಮರುಕದಲ್ಲಿ, ಹಾಲಿನಲ್ಲಿ ಕಂಡದ್ದನ್ನು, ಉಮ ಹೊಡೆದುಹಾಕಿದ್ದು ತಾನೂ ಬರೆದಿದ್ದ ಐವತ್ತನ್ನೇ ಎಂಬುದನ್ನೂ ಸೇರಿಸಿ, ತನ್ನ ಅವ್ವನಿಗೆ ಹೇಳಿದಳು. ಅವಳವ್ವ ನಲ್ಲಿಯ ಬಳಿ ಹೇಳಿದಳು. ಸಂಜೆಯ ಹೊತ್ತಿಗೆ ಕ್ಯಾತನಹಳ್ಳಿಗೆ ಕ್ಯಾತನಹಳ್ಳಿಯೇ ಅದನ್ನು ಆಡುತ್ತಿತ್ತು: ಹುಡುಗಿ ಸರಿಯಾಗಿ ಬರೆದಿತ್ತಂತೆ, ಮಾವ ಬಂದು ಬೆರಳಿಟ್ಟು ತಪ್ಪು ಬರೆಸಿದನಂತೆ. ಪಾಸಾದರೆ ಕೈತಪ್ಪಿ ಹೋಗುತ್ತಾಳಲ್ಲ, ಅದಕ್ಕೆ.

ಭಾನುವಾರ ಕನಕರಾಜು ಅಕ್ಕನ ಮನೆಯ ಮುಂದೆ ಸೈಕಲ್ಲು ನಿಲ್ಲಿಸಿದಾಗ ಬೈಗುಳಕ್ಕೆ ತಯಾರಾಗಿಯೇ ಬಂದಿದ್ದ. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದ. ಆದರೆ ಜಗಲಿಯ ಮೇಲೆ ಕೂತಿದ್ದ ದೊಡ್ಡಬೀರಯ್ಯ ಎದ್ದು ಬಂದು ಮಗನ ಬೆನ್ನ ಮೇಲೆ ರಪ್ಪನೆ ತಟ್ಟಿದ.

"ಎಲಾ ಇವ್ನ! ಬಾಯಿ ಸತ್ತೋನು ಅನ್ಕಂಡಿದ್ದೆ. ಒಂದು ಬೆರಳ್ನಾಗೆ ಕೆಲ್ಸ ಮುಗಿಸ್ಬುಟ್ಟೆ ಕಣ್ಲಾ!"

"ಅಪ್ಪ, ಅಂಗಲ್ಲ..."

"ನಾಚ್ಕೋತಾನೆ ನೋಡು" ಎಂದು ನಕ್ಕ ಬೋರಯ್ಯ. ಹುಡುಗಿಯ ಸ್ವಂತ ತಂದೆ! "ನಮ್ ಮೇಷ್ಟ್ರು ಸಾಮಾನ್ಯ ಅಲ್ಲ ಕಣ್ ಮಾವ. ಉಡ್ಗಿ ಮ್ಯಾಲೆ ಅಷ್ಟು ಆಸೆ ಮಡಿಕ್ಕಂಡು ತುಟಿ ಪಿಟಕ್ ಅನ್ಲಿಲ್ಲ ನೋಡು."

"ಭಾವ, ನಾನು ಪ್ರಶ್ನೆ ಓದಿರ್ಲಿಲ್ಲ. ಅವಳು ತಪ್ಪು ಮಾಡಿದಾಳೆ ಅಂತ ತಿಳ್ಕೊಂಡೆ. ದೇವರಾಣೆ."

ಅವನು ಹೇಳಿದಷ್ಟೂ ಅವರು ನಕ್ಕರು. ಫಿಸಿಕ್ಸ್ ಮೇಷ್ಟ್ರಿಗೆ ಫಿಸಿಕ್ಸ್ ಲೆಕ್ಕ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಬೈದಿದ್ದರೆ ಎದುರು ನಿಲ್ಲಬಹುದಿತ್ತು, ಹೊಗಳುವವರ ಎದುರು ನಿಲ್ಲುವುದನ್ನು ಅವನು ಕಲಿತಿರಲಿಲ್ಲ. ಗೌರಮ್ಮ ಒಬ್ಬಳು ನಗಲಿಲ್ಲ. ಕಾಫಿ ಲೋಟ ತಂದು ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಉಮ ಆಚೆ ಬರಲೇ ಇಲ್ಲ.

ಮುಂದಿನ ವಾರ ಅವನು ಪಾಲಹಳ್ಳಿಗೆ ಹೋದ. ಬಸ್ಸಿನುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ. ದೊಡ್ಡಬೀರಯ್ಯ ಕೊಟ್ಟಿಗೆಯಲ್ಲಿ ಹಸುವಿಗೆ ಬೂಸಾ ಕಲೆಸುತ್ತಿದ್ದ. ಜೀವಮಾನದಲ್ಲೇ ಮೊದಲ ಸಲ ಕನಕರಾಜು ಟವೆಲ್ಲಿನ ಅಂಚು ಸುತ್ತದೆ ನಿಂತು ಹೇಳಿದ.

"ಅಪ್ಪ, ನಾನು ಉಮನ್ನ ಮದ್ವೆ ಆಗಲ್ಲ."

ಮುದುಕ ಬೂಸಾದಿಂದ ಕೈ ತೆಗೆಯಲಿಲ್ಲ. ಸಿಟ್ಟೂ ಮಾಡಲಿಲ್ಲ. "ಯಾಕ್ಲಾ, ಊರೋರು ಆಡ್ಕಂಡ್ರು ಅಂತಾವಾ?"

"ಅದಕ್ಕಲ್ಲ. ನಂಗೆ ಮನಸ್ಸಿಲ್ಲ. ಯಾವತ್ತೂ ಇರ್ಲಿಲ್ಲ."

"ಸರಿ ಬುಡು. ನಾನೇನು ನಿನ್ ಕತ್ತು ಇಸಕಾಕಿಲ್ಲ." ಮುದುಕ ಹಸುವಿನ ಮುಂದೆ ಬಾನಿ ಸರಿಸಿದ. "ಬೂಕನಕೆರೆಯಿಂದ ಒಬ್ರು ಕೇಳ್ತಾವ್ರೆ. ಟ್ರಾಕ್ಟರ್ ಅದೆ, ತ್ವಾಟ ಅದೆ. ಎಂಡ್ತಿ ಸತ್ತು ವರ್ಸಾಯ್ತಂತೆ, ಎರಡು ಮಕ್ಳು. ನಿಂಗೆ ಬ್ಯಾಡಾಂದ್ರೆ ಅಲ್ಲಿಗೆ ಕೊಡ್ತೀವಿ. ಮಾತು ಕೊಟ್ಟಾಗದೆ, ಸಂಕ್ರಾಂತಿ ಕಳೀತಲೇ ತಾಳಿ. ಯಾರು ಕಟ್ಟಿದ್ರೇನು?"

ಬಾಯಿಪಾಠ ಮಾಡಿಕೊಂಡದ್ದು ಅಲ್ಲಿಗೆ ಮುಗಿದಿತ್ತು. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಕಟ್ಟಲಿ ಎಂದು ಅಂಗಲಾಚಿದ. "ಮಾತು ಅಂದ್ರೆ ಮಾತು" ಎಂದ ಮುದುಕ. ಹಸು ಬೂಸಾಕ್ಕೆ ಬಾಯಿ ಹಾಕಿತು. ಕನಕರಾಜು ಕೊಟ್ಟಿಗೆಯ ಕಂಬ ಹಿಡಿದು ನಿಂತ. ತಾನು ಬೇಡವೆಂದರೆ ಬೂಕನಕೆರೆ, ಬೇಕೆಂದರೆ ಊರು ಆಡಿದ್ದೇ ನಿಜವಾಗುತ್ತದೆ. ಎತ್ತ ತಿರುಗಿದರೂ ಹುಡುಗಿಗೆ ಬಿಡುಗಡೆಯಿಲ್ಲ. ಬಿಡುಗಡೆಯಿದ್ದ ಒಂದೇ ದಾರಿಯ ಮೇಲೆ ತಾನೇ ಬೆರಳಿಟ್ಟು ಮುಚ್ಚಿದ್ದ.

ಕೊನೆಗೆ ಒಂದೇ ಒಂದು ಉಪಾಯ ಉಳಿದಂತೆ ಕಂಡಿತು. ತಾಳಿ ಕಟ್ಟುವುದು, ಕಟ್ಟಿ ಅವಳನ್ನು ಓದಿಸುವುದು. ಹೆಸರಿಗೆ ಗಂಡ, ಉಳಿದಂತೆ ಮೇಷ್ಟ್ರು. ಈ ಯೋಚನೆಯಿಂದ ಅವನಿಗೆ ಉಸಿರಾಡುವಂತಾಯಿತು. ಅದನ್ನು ಹೇಳಲೆಂದೇ ಮಾರನೆಯ ದಿನ ಬೆಳಿಗ್ಗೆ ಕ್ಯಾತನಹಳ್ಳಿಗೆ ಹೋದ.

ಉಮ ಗದ್ದೆಯ ಬಳಿ ಇದ್ದಳು. ಬದುವಿನ ಮೇಲಿನ ಹುಲ್ಲು ಕುಯ್ದು ಹೊರೆ ಕಟ್ಟಿ, ಅದರ ಪಕ್ಕದಲ್ಲಿ ಕುಡುಗೋಲು ಇಟ್ಟುಕೊಂಡು ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು, ಕ್ಲಾಸಿನಲ್ಲಿ ಏಳುವ ಹಾಗೆ.

"ಪುಸ್ತಕ ನೋಡ್ದೆ ಸಾರ್" ಎಂದಳು. "ಸೆಂಟರಿನ್ ದೂರ ಕೊಟ್ಟಿದ್ರೆ ತ್ರಿಜ್ಯ ಕೂಡ್ಸೋ ಅಂಗಿಲ್ಲ. ಮೊದ್ಲು ಬರ್ದಿದ್ದೇ ಸರಿ ಇತ್ತು."

"ಹೌದು."

"ಆವತ್ತು ಮರದ್ ಕೆಳಗೆ ಎರಡ್ ಸಲ ಕೇಳ್ದೆ. ಸರಿ ಇದೆ ಅಂದ್ರಿ."

"ಹೇಳೋಕೆ ಧೈರ್ಯ ಬರ್ಲಿಲ್ಲ ಉಮ. ನಿನ್ನ ಚಿತ್ರ ನೋಡಿ ಮೋಸ ಹೋದೆ. ಪ್ರಶ್ನೆ ಓದಿರ್ಲಿಲ್ಲ. ಊರೋರು ಹೇಳ್ತಿರೋದು ನಿಜ ಅಲ್ಲ. ನಿನ್ನ ನಾನು ಆ ದೃಷ್ಟೀಲಿ ಯಾವತ್ತೂ ನೋಡಿಲ್ಲ."

ಕಬ್ಬಿನ ಗರಿಗಳು ಗಾಳಿಗೆ ಸರಸರ ಎನ್ನುತ್ತಿದ್ದವು. ಅವನು ತಾನು ಯೋಚಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಬೂಕನಕೆರೆಯ ವಿಷಯ, ತಾನು ಒಲ್ಲೆ ಎಂದದ್ದು, ಒಲ್ಲೆ ಎಂದರೆ ಆಗುವ ಅನಾಹುತ. ತಾಳಿ ಹೆಸರಿಗಷ್ಟೇ, ಏಪ್ರಿಲ್‌ಗೆ ಮತ್ತೆ ಪರೀಕ್ಷೆ ಕಟ್ಟಿಸುತ್ತೇನೆ, ಜೂನಿನಲ್ಲಿ ಮೈಸೂರಿಗೆ ನಾನೇ ಕರೆದುಕೊಂಡು ಹೋಗಿ ಸೇರಿಸುತ್ತೇನೆ, ಡಿಗ್ರಿ ಆದಮೇಲೆ ನೀನು ಹೇಗೆ ಹೇಳುತ್ತೀಯೋ ಹಾಗೆ. ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

"ಇದೊಂದ್ಸಲ ನನ್ನ ನಂಬು ಉಮ."

ಅವಳು ಅವನನ್ನು ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಂಬೇ ಅಲ್ವಾ ಸಾರ್" ಎಂದಳು, "ಸರಿಯಾಗಿ ಬರ್ದಿದ್ದನ್ನ ಒಡ್ದಾಕಿದ್ದು?"

ಉಮ ಬಗ್ಗಿ ಹೊರೆಯ ಹಗ್ಗಕ್ಕೆ ಕೈ ಹಾಕಿದಳು. ಹಸಿ ಹುಲ್ಲಿನ ಹೊರೆ, ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಅವನು ಎತ್ತಿಕೊಡಲು ಮುಂದೆ ಬಂದ.

"ಬ್ಯಾಡಿ ಸಾರ್. ಯಾರಾದ್ರೂ ಬತ್ತಾರೆ" ಎಂದು ಅವಳು ಹಗ್ಗ ಬಿಟ್ಟು ಹೊರೆಯ ಆಚೆ ಕಡೆ ಕೂತಳು.

ಅವನಿಗೆ ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಯಶೋದಮ್ಮ ಬುತ್ತಿ ಹೊತ್ತು ಬಂದು, "ಏನ್ ಮೇಷ್ಟ್ರೆ, ಮದ್ವೆಗೆ ಮುಂಚೆನೇ ಎಂಡ್ತಿ ಕಾಯ್ತಿದ್ದೀರಾ?" ಎಂದು ನಗುತ್ತಾ ಹೊರೆ ಎತ್ತಿಕೊಡುವವರೆಗೂ ಇಬ್ಬರೂ ಅದೇ ಬದುವಿನ ಮೇಲೆ ಇದ್ದರು.